ಅಮೆರಿಕದ ಟಿವಿಯಲ್ಲಿ ಹೆದರಿಸುವ ಮಾತ್ರೆ ನಮ್ಮೂರಿನಲ್ಲಿ ಸಾಧುವೇ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇನೆ. ಇಲ್ಲಿ ಸಂಜೆ ಟಿವಿ ಹಾಕಿದರೆ ಔಷಧದ ಜಾಹೀರಾತುಗಳೇ. ಸಕ್ಕರೆ ಕಾಯಿಲೆಗೆ ನಾನು ತೆಗೆದುಕೊಳ್ಳುವ ಎಂಪಾಗ್ಲಿಫ್ಲೋಜಿನ್ ಮಾತ್ರೆಯದೂ ಬಂತು. ಜನನಾಂಗದ ಬಳಿ ಪ್ರಾಣಾಪಾಯದ ಸೋಂಕು ಬರಬಹುದು, ಸಾವೂ ಸಂಭವಿಸಬಹುದು ಎಂದರು. ನಮ್ಮ ಡಾಕ್ಟರು ಇದನ್ನು ಹೇಳಿಯೇ ಇರಲಿಲ್ಲ. ಅಮೆರಿಕದ ಮಾತ್ರೆಗೆ ಮಾತ್ರ ಈ ತೊಂದರೆಯೇ? ನನ್ನದನ್ನು ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಅಮೆರಿಕದ ಮಾತ್ರೆಗೆ ಮಾತ್ರ ಎಂಬುದು ಸುಳ್ಳು. ಅವಸರದವರಿಗೆ ಇಷ್ಟು ಸಾಕು.

ಬೇಸಿಗೆಯಲ್ಲಿ ಅಪ್ಪ ಅಮ್ಮಂದಿರು ವಿಮಾನ ಹತ್ತತೊಡಗಿದರೆಂದರೆ ನನಗೆ ಈ ಪ್ರಶ್ನೆ ಬರತೊಡಗುತ್ತದೆ. ಒಮ್ಮೆ ಸಂಧಿವಾತದ ಚುಚ್ಚುಮದ್ದು, ಇನ್ನೊಮ್ಮೆ ರಕ್ತ ತೆಳುವಾಗಿಸುವ ಮಾತ್ರೆ. ಔಷಧ ಬೇರೆಯಾದರೂ ಗಾಬರಿ ಅದೇ. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧವನ್ನು ಹೆಸರು ಹೇಳಿ, ಗುಣ ಹೊಗಳಿ, ನೇರವಾಗಿ ಜನರಿಗೆ ಜಾಹೀರಾತು ಮಾಡಲು ಬಿಡುವ ಶ್ರೀಮಂತ ದೇಶಗಳು ಎರಡೇ: ಅಮೆರಿಕ ಮತ್ತು ನ್ಯೂಜಿಲೆಂಡ್. ಅಮೆರಿಕದಲ್ಲಿ ಇಂಥ ಜಾಹೀರಾತುಗಳ ಉಸ್ತುವಾರಿಯನ್ನು 1962ರ ಕಾನೂನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ವಹಿಸಿತು. ಗುಣ ಹೇಳಿದರೆ ಅಪಾಯವನ್ನೂ ಹೇಳಬೇಕು ಎಂಬ ನಿಯಮಗಳು ಅದರ ಬೆನ್ನಿಗೇ ಬಂದವು. ಟಿವಿಯಲ್ಲಿ ಅಂಥ ಮೊದಲ ಜಾಹೀರಾತು ಬಂದದ್ದು 1983ರಲ್ಲಿ, ಐಬುಪ್ರೊಫೆನ್‌ನ ಒಂದು ಬ್ರ್ಯಾಂಡಿನದು. ಆದರೆ ಮಹಾಪೂರ ಶುರುವಾದದ್ದು 1997ರಲ್ಲಿ. ಮುಖ್ಯ ಅಪಾಯಗಳನ್ನು ಬಾಯಲ್ಲಿ ಹೇಳಿ, ಉಳಿದ ವಿವರಕ್ಕೆ ಫೋನ್ ನಂಬರು, ವೆಬ್‌ಸೈಟು ತೋರಿಸಿದರೆ ಸಾಕು ಎಂದು ಎಫ್‌ಡಿಎ ಆಗ ಸಡಿಲ ಬಿಟ್ಟಿತು. ಈ ಸಡಿಲಿಕೆಯನ್ನು ಹಿಂತೆಗೆದುಕೊಳ್ಳುತ್ತೇವೆಂದು 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಹೇಳಿದೆ. ನಾಯಿ ಹಿಡಿದುಕೊಂಡು ತೋಟದಲ್ಲಿ ನಗುತ್ತಾ ನಡೆಯುವ ದಂಪತಿಯ ಹಿನ್ನೆಲೆಯಲ್ಲಿ ಸಾವು ನೋವುಗಳ ಪಟ್ಟಿ ಓದುವ ವಿಚಿತ್ರ ಕಲೆ ಹುಟ್ಟಿದ್ದು 1997ರ ಆ ಸಡಿಲಿಕೆಯಿಂದಲೇ. ಅಪಾಯ ಹೇಳುವಾಗ ನೋಡುಗರ ಗಮನ ಬೇರೆಡೆ ಸೆಳೆಯಬಾರದು, ಕೇಳಿಸುವುದನ್ನೇ ಅಕ್ಷರದಲ್ಲೂ ತೋರಿಸಬೇಕು ಎಂಬ ನಿಯಮ 2024ರ ನವೆಂಬರಿನಿಂದ ಕಡ್ಡಾಯವಾಗಿದೆ. ನಾಯಿ ಮಾತ್ರ ಇನ್ನೂ ಓಡಾಡಿಕೊಂಡಿದೆ.

ಈಗ ನಿಜವಾದ ತಂಟೆಗೆ ಬರೋಣ. "ಅಮೆರಿಕದ ಮಾತ್ರೆ ಹೆವಿ ಡೋಸ್ ಸಾರ್, ನಮ್ಮದು ಮೈಲ್ಡ್." ಈ ಮಾತನ್ನು ಇಂಜಿನಿಯರುಗಳು ಹೇಳಿದ್ದನ್ನು ಕೇಳಿದ್ದೇನೆ, ನಿವೃತ್ತ ವಿಜ್ಞಾನ ಮೇಷ್ಟರು ಹೇಳಿದ್ದನ್ನೂ ಕೇಳಿದ್ದೇನೆ. ಎಷ್ಟು ಸಲ ಅಲ್ಲಗಳೆದರೂ ಮತ್ತೆ ಚಿಗುರುತ್ತದೆ.

ಎಂಪಾಗ್ಲಿಫ್ಲೋಜಿನ್ ಅಲ್ಲಿ 10 ಮತ್ತು 25 ಮಿಲಿಗ್ರಾಂನಲ್ಲಿ ಸಿಗುತ್ತದೆ. ಇಲ್ಲಿಯೂ 10 ಮತ್ತು 25. ನಿಮ್ಮ ಸ್ಟ್ರಿಪ್ ತಿರುಗಿಸಿ ನೋಡಿ. ಅಣು ಅದೇ, ಮೂತ್ರಪಿಂಡದಲ್ಲಿ ಅದು ಮಾಡುವ ಕೆಲಸವೂ ಅದೇ: ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವುದು. ಆ ಸಕ್ಕರೆಯ ಮೇಲೆ ಬೂಷ್ಟು ಬೆಳೆಯುವುದಕ್ಕೆ ಹಾಸನವೂ ಒಂದೇ, ನ್ಯೂಜೆರ್ಸಿಯೂ ಒಂದೇ. ಅಷ್ಟಕ್ಕೂ ಅಮೆರಿಕದವರು ನುಂಗುವ ಜೆನೆರಿಕ್ ಮಾತ್ರೆಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಭಾರತದ ಕಾರ್ಖಾನೆಗಳಲ್ಲಿ. ಅಟ್ಲಾಂಟಿಕ್ ದಾಟುವಾಗ ಅವು ಉಗ್ರರೂಪ ತಾಳುವುದಿಲ್ಲ.

ಹಾಗಾದರೆ ಇಲ್ಲಿ ಯಾರೂ ಏಕೆ ಹೇಳುವುದಿಲ್ಲ? ಹೇಳುವ ಸಂದರ್ಭವೇ ಬರುವುದಿಲ್ಲ. ಶೆಡ್ಯೂಲ್ ಎಚ್ ಔಷಧಗಳನ್ನು, ಅಂದರೆ ಡಾಕ್ಟರ ಚೀಟಿ ಬೇಕಾದ, ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವಂಥವನ್ನು, ಕೇಂದ್ರದ ಅನುಮತಿ ಇಲ್ಲದೆ ಇಲ್ಲಿ ಜಾಹೀರಾತು ಮಾಡುವಂತಿಲ್ಲ. ಜಾಹೀರಾತೇ ಇಲ್ಲವೆಂದ ಮೇಲೆ ಪಟ್ಟಿ ಓದುವವರು ಯಾರು? ಪೆಟ್ಟಿಗೆಯಲ್ಲಿ ಮಡಿಸಿಟ್ಟ ತೆಳು ಕಾಗದದಲ್ಲಿ ಎಲ್ಲವೂ ಇರುತ್ತದೆ. ಆದರೆ ಅಂಗಡಿಯವನು ಕತ್ತರಿಯಲ್ಲಿ ಹತ್ತು ಮಾತ್ರೆ ಕತ್ತರಿಸಿ ಕೊಡುವಾಗ ಆ ಕಾಗದ ಅಂಗಡಿಯಲ್ಲೇ ಉಳಿಯುತ್ತದೆ. ಡಾಕ್ಟರ ಹೊರಕೋಣೆಯಲ್ಲಿ ನಲವತ್ತು ಜನ ಕಾಯುತ್ತಿರುತ್ತಾರೆ. ಮನೆಯಲ್ಲಿ ತೂಕದ ಯಂತ್ರ ಇಲ್ಲವೆಂದು ಯಾರ ತೂಕವೂ ಇಳಿಯುವುದಿಲ್ಲವಲ್ಲ, ಇದೂ ಹಾಗೆಯೇ.

ಇನ್ನೊಂದು ತಮಾಷೆ ನೋಡಿ. ಪೂರ್ತಿ ಪರೀಕ್ಷೆಗೊಳಗಾದ ಮಾತ್ರೆಯ ಪಟ್ಟಿ ಕೇಳಿ ಬೆವರುವವರೇ, "ಅಡ್ಡಪರಿಣಾಮವೇ ಇಲ್ಲ" ಎಂದು ನಮ್ಮ ಟಿವಿಗಳಲ್ಲಿ ಮಾರುವ ಸಕ್ಕರೆ ಕಾಯಿಲೆಯ ಪುಡಿಯನ್ನು ನೀರಿಗೆ ಕಲಸಿ ಕುಡಿಯುತ್ತಾರೆ. ಮಧುಮೇಹ ಗುಣಪಡಿಸುತ್ತೇವೆಂಬ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ಪಟ್ಟಿ ಇಲ್ಲ ಎಂದರೆ ಹೆಚ್ಚಿನ ಸಲ ಯಾರೂ ಹುಡುಕಿ ನೋಡಿಲ್ಲ ಎಂದರ್ಥ.

ಇನ್ನು ನಿಮ್ಮನ್ನು ಹೆದರಿಸಿದ ಆ ಸೋಂಕು. ಅದಕ್ಕೆ ಫೋರ್ನಿಯೆ ಗ್ಯಾಂಗ್ರೀನ್ ಎನ್ನುತ್ತಾರೆ. ಜನನಾಂಗ ಮತ್ತು ಗುದದ ನಡುವಿನ ಭಾಗದಲ್ಲಿ ಚರ್ಮದಡಿಯ ಅಂಗಾಂಶ ಕೊಳೆಯುವ ಕಾಯಿಲೆ. ಭಯಂಕರವಾದದ್ದೇ, ಅಲ್ಲವೆನ್ನುವುದಿಲ್ಲ. 2018ರ ಆಗಸ್ಟ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಾಗ, ಎಂಪಾಗ್ಲಿಫ್ಲೋಜಿನ್‌ನಂತೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಗುಂಪಿನ ಎಲ್ಲ ಮಾತ್ರೆಗಳಿಗೂ ಸೇರಿ ಐದು ವರ್ಷಗಳಲ್ಲಿ ಅದರ ಗಮನಕ್ಕೆ ಬಂದ ಪ್ರಕರಣಗಳು 12, ಸಾವು 1. ವರದಿಯಾಗದವು ಇನ್ನಷ್ಟು ಇದ್ದಿರಬಹುದು. ಅಮೆರಿಕದಲ್ಲಿ 2017ರ ಒಂದೇ ವರ್ಷದಲ್ಲಿ ಈ ಮಾತ್ರೆಗಳನ್ನು ಪಡೆದವರು ಸುಮಾರು 17 ಲಕ್ಷ ಮಂದಿ. ಟಿವಿ ಈ ಲೆಕ್ಕ ಕೊಡುವುದಿಲ್ಲ. ಅದರ ದೊಡ್ಡ ದೋಷವೇ ಅದು. ಲಕ್ಷಾಂತರ ಜನರಲ್ಲಿ ಕೆಲವರಿಗೆ ಬರುವುದನ್ನೂ ನೂರರಲ್ಲಿ ಐವರಿಗೆ ಬರುವುದನ್ನೂ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಓದಿ ಮುಗಿಸುತ್ತದೆ. ಆ ಐವರ ಬಾಬತ್ತು ಜನನಾಂಗದ ಬೂಷ್ಟು ಸೋಂಕು. ಪ್ರಯೋಗಗಳಲ್ಲಿ 10 ಮಿಲಿಗ್ರಾಂ ತೆಗೆದುಕೊಂಡ ಮಹಿಳೆಯರಲ್ಲಿ ಶೇ 5.4ರಷ್ಟು ಮಂದಿಗೆ ಅದು ಬಂದಿತ್ತು, ಔಷಧವಿಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ ಶೇ 1.5. ತುರಿಕೆ ಬಂದರೆ ನಾಚಿಕೊಂಡು ಕೂರಬೇಡಿ, ಚಿಕಿತ್ಸೆ ಸುಲಭ. ನೋವು, ಊತ, ಕೆಂಪು, ಜೊತೆಗೆ ಜ್ವರ ಬಂದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಿ.

ಅದೇ ಜಾಹೀರಾತಿನಲ್ಲಿ ಕೀಟೋಆಸಿಡೋಸಿಸ್ ಎಂಬುದೂ ಬಂದಿರುತ್ತದೆ. ಅದರ ಬಗ್ಗೆ ಒಬ್ಬರೂ ಬರೆದು ಕೇಳುವುದಿಲ್ಲ. ನಮ್ಮವರಿಗೆ ಮುಖ್ಯವಾದದ್ದು ಅದೇ. ಏಕಾದಶಿ, ಸಂಕಷ್ಟಿ ಎಂದು ದಿನವಿಡೀ ಉಪವಾಸವಿದ್ದು ಈ ಮಾತ್ರೆಯನ್ನೂ ನುಂಗಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ. ಗ್ಲೂಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ, ಅದರಿಂದಲೇ ಮೋಸ ಹೋಗುವುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಅಜೀರ್ಣವೆಂದು ಜೀರಿಗೆ ನೀರು ಕುಡಿದು ಮಲಗಬೇಡಿ. ಉಪವಾಸದ ದಿನ ಮಾತ್ರೆ ಬಿಡಬೇಕೇ ಎಂದು ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಲು ಔಷಧದ ವಿವರಪತ್ರವೇ ಹೇಳುತ್ತದೆ.

ನೀವು ಕೇಳಿಲ್ಲ, ಆದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. "ಈ ಔಷಧಕ್ಕೆ ಅಲರ್ಜಿ ಇದ್ದರೆ ಇದನ್ನು ತೆಗೆದುಕೊಳ್ಳಬೇಡಿ" ಎಂದು ಆ ಜಾಹೀರಾತುಗಳು ಹೇಳಿದಾಗ ಎಲ್ಲರೂ ನಗುತ್ತಾರೆ. ತೆಗೆದುಕೊಳ್ಳದೆ ಅಲರ್ಜಿ ಗೊತ್ತಾಗುವುದು ಹೇಗೆ ಎಂದು ಮೊಮ್ಮಕ್ಕಳು ಕೇಳಿರುತ್ತಾರೆ. ನಗುವಂಥದ್ದೇನೂ ಇಲ್ಲ. ಒಂದೇ ಅಣು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಓಜೆಂಪಿಕ್, ವೆಗೋವಿ, ರೈಬೆಲ್ಸಸ್ ಮೂರರಲ್ಲೂ ಇರುವುದು ಸೆಮಾಗ್ಲುಟೈಡ್. ಮೊದಲನೆಯದರಿಂದ ಮುಖ ಊದಿಸಿಕೊಂಡವರು ಮೂರನೆಯದು ಮಾತ್ರೆಯಲ್ಲವೇ, ಬೇರೆಯಿರಬೇಕು ಎಂದು ನುಂಗಿಯಾರು. ನಮ್ಮಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಒಂದೊಂದು ಅಣುವಿಗೂ ಹತ್ತಾರು ಬ್ರ್ಯಾಂಡು. ಪೆನಿಸಿಲಿನ್ ಆಗುವುದಿಲ್ಲವೆಂದು ಬಾಯಿಪಾಠ ಹೇಳುವವರ ಕೈಯಲ್ಲೇ ಆಗ್ಮೆಂಟಿನ್ ಇರುವುದನ್ನು ಕಂಡಿದ್ದೇನೆ. ಅದರೊಳಗಿನ ಅಮಾಕ್ಸಿಸಿಲಿನ್ ಪೆನಿಸಿಲಿನ್ನಿನ ಕುಲದ್ದೇ. ಆದ್ದರಿಂದ ಬ್ರ್ಯಾಂಡಿನ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಮಗಳಿಗೂ ಒಂದು ಪ್ರತಿ ಕೊಟ್ಟಿರಿ.