ನೆಲಕ್ಕೆ ಕೂತ ಲಾರಿ ಬಾಡಿಗೆಗೆ ಹೋಗುತ್ತಾ?

ಅಮೆರಿಕದ ಲಾರಿ ಮೇಳಗಳಲ್ಲಿ ಒಂದು ಬಗೆಯ ಗಾಡಿ ಎಲ್ಲರ ಕಣ್ಣು ಸೆಳೆಯುತ್ತದೆ. ಉದ್ದ ಮೂತಿಯ ಪೀಟರ್‌ಬಿಲ್ಟ್ ಅಥವಾ ಕೆನ್‌ವರ್ತ್ ಕಂಪನಿಯ ಲಾರಿ. ಕ್ರೋಮ್ ಬಂಪರ್ ಹೆಚ್ಚುಕಮ್ಮಿ ಟಾರಿಗೆ ತಾಗಿದೆ. ಹಿಂದಿನ ಚಕ್ರಗಳು ಮಡ್‌ಗಾರ್ಡಿನೊಳಗೆ ಅರ್ಧ ಮುಳುಗಿವೆ. ಇದು ನಿಜವಾಗಿ ಲೋಡು ಎಳೆಯುತ್ತಾ, ಇಲ್ಲ ಬರೀ ಶೋಕಿಯಾ?

ಶೋಕಿ ಅನ್ನುವುದು ನಿಜ. ಆದರೆ ಅದಕ್ಕೆ ಬೇಕಾದ ಸಾಮಾನೆಲ್ಲ ಬಂದಿದ್ದು ದುಡಿಮೆಯಿಂದಲೇ.

ಮೊದಲು ಉದ್ದದ ಕಥೆ. 1982ಕ್ಕೆ ಮುಂಚೆ ಅಮೆರಿಕದ ಹಲವು ರಾಜ್ಯಗಳು ಲಾರಿ ಮತ್ತು ಟ್ರೇಲರ್ ಎರಡನ್ನೂ ಸೇರಿಸಿ ಉದ್ದ ಅಳೆಯುತ್ತಿದ್ದವು. ಮೂತಿ ಚಿಕ್ಕದಾದಷ್ಟೂ ಸರಕಿಗೆ ಜಾಗ ಜಾಸ್ತಿ. ಹಾಗಾಗಿ ಎಂಜಿನ್ ಮೇಲೆಯೇ ಕ್ಯಾಬಿನ್ ಕೂರಿಸಿದ ಚಪ್ಪಟೆ ಮೂತಿಯ ಲಾರಿಗಳಿಗೆ ಬೇಡಿಕೆಯಿತ್ತು. 1982ರ ಕೇಂದ್ರ ಕಾನೂನು ಇದನ್ನು ಬದಲಾಯಿಸಿತು. ರಾಷ್ಟ್ರೀಯ ಜಾಲದ ಹೆದ್ದಾರಿಗಳಲ್ಲಿ ರಾಜ್ಯಗಳು ಟ್ರೇಲರಿನ ಉದ್ದಕ್ಕೆ ಮಿತಿ ಹಾಕಬಹುದು, ಅದೂ 48 ಅಡಿಗಿಂತ ಕಡಿಮೆ ಇಲ್ಲದಂತೆ. ಒಟ್ಟು ಉದ್ದಕ್ಕೆ ಹಾಕುವಂತಿಲ್ಲ. ಅಲ್ಲಿಂದ ಬಾನೆಟ್ ಎಷ್ಟು ಚಾಚಿದರೂ ಕೇಳುವವರಿಲ್ಲ. 1987ರಲ್ಲಿ ಬಂದ ಪೀಟರ್‌ಬಿಲ್ಟ್ 379 ಈ ಕಾಲದ ರಾಜ. ಅದಕ್ಕೂ ಮೊದಲು, 1980ರಲ್ಲಿ, ಸಾಗಣೆ ವ್ಯಾಪಾರದ ಕಟ್ಟುಪಾಡುಗಳೂ ಸಡಿಲವಾಗಿದ್ದವು. ಸ್ವಂತ ಗಾಡಿ ಓಡಿಸುವವನಿಗೆ ದಾರಿ ಸುಲಭವಾಯಿತು. ಗಾಡಿ ತನ್ನದೇ ಆದಮೇಲೆ ಅಲಂಕಾರಕ್ಕೆ ಯಾರ ಅಪ್ಪಣೆ ಬೇಕು?

ಇನ್ನು ತಗ್ಗಿನ ಕಥೆ. ಇದು ಹೆಚ್ಚು ಮಜವಾಗಿದೆ. ಉಕ್ಕಿನ ಸ್ಪ್ರಿಂಗ್ ಪಾಟಾಗಳ ಬದಲು ರಬ್ಬರಿನ ಗಾಳಿಚೀಲಗಳ ಮೇಲೆ ಆಕ್ಸಲ್ ಕೂರಿಸುವ ಪದ್ಧತಿ ಬಂದಿದ್ದು ಸರಕು ಕುಲುಕದಿರಲಿ ಅಂತ. ಲೋಡು ಜಾಸ್ತಿಯಾದರೆ ಒಂದು ವಾಲ್ವ್ ತಾನಾಗಿ ಗಾಳಿ ತುಂಬಿ ಎತ್ತರವನ್ನು ಮೊದಲಿನ ಮಟ್ಟಕ್ಕೆ ತರುತ್ತದೆ. ಡ್ರೈವರ್ ಕೈಗೆ ಇನ್ನೊಂದು ಸ್ವಿಚ್ ಇರುತ್ತದೆ. ಒತ್ತಿದರೆ ಹಿಂಭಾಗದ ಗಾಳಿ ಹೊರಗೆ ಹೋಗಿ ಲಾರಿ ಕೆಳಗೆ ಕೂರುತ್ತದೆ. ನಿಂತ ಟ್ರೇಲರಿನ ಅಡಿಗೆ ಹಿಂದೆ ಸರಿದು ಮತ್ತೆ ಗಾಳಿ ತುಂಬಿದರೆ ಆಯಿತು. ಟ್ರೇಲರಿನ ಕಾಲುಗಳನ್ನು ಹ್ಯಾಂಡಲ್ ತಿರುಗಿಸಿ ಏರಿಸುವ ಕಷ್ಟ ಕಡಿಮೆ. ಶೋಕಿಯವರು ಮಾಡಿದ್ದು ಇಷ್ಟೇ: ಅದೇ ಸ್ವಿಚ್ಚನ್ನು ನಿಲ್ಲಿಸಿದಾಗಲೂ ಒತ್ತಿದರು. ಆಮೇಲೆ ಮುಂದಿನ ಆಕ್ಸಲ್ಲಿಗೂ ಗಾಳಿಚೀಲ ಹಾಕಿಸಿದರು.

ಐಯೋವಾದ ವಾಲ್ಕಾಟ್‌ನಲ್ಲಿ ಪ್ರತಿ ಜುಲೈಯಲ್ಲಿ ನಡೆಯುವ ಲಾರಿ ಜಾತ್ರೆ, ಕೆಂಟಕಿಯ ಲೂಯಿವಿಲ್ ಪ್ರದರ್ಶನ, ಇಲ್ಲೆಲ್ಲ ಸೌಂದರ್ಯ ಸ್ಪರ್ಧೆಗಳಿವೆ. ದುಡಿಯುವ ಲಾರಿಗಳಿಗೇ ಮೀಸಲಾದ ಸ್ಪರ್ಧೆಯೂ ಇದೆ. ಅಂದರೆ ನಿನ್ನೆ ಲೋಡು ಇಳಿಸಿದ ಗಾಡಿಯನ್ನು ರಾತ್ರಿಯೆಲ್ಲ ತಿಕ್ಕಿ ತಂದು ನಿಲ್ಲಿಸಿದವರು ಅಲ್ಲಿ ಬೇಕಾದಷ್ಟು ಜನ.

ಹಾಗಾದರೆ ತಗ್ಗಿಸಿಕೊಂಡೇ ದಿನಾ ಓಡಿಸಿದರೆ ಏನಾಗುತ್ತದೆ? ಎಲ್ಲವೂ ನಿಂತಿರುವುದು ಒಂದು ಅಳತೆಯ ಮೇಲೆ. ಅಮೆರಿಕದ ಸಾಮಾನ್ಯ ಟ್ರೇಲರುಗಳು ಕೂರುವ ತಟ್ಟೆ, ಅಂದರೆ ಫಿಫ್ತ್ ವೀಲ್, ನೆಲದಿಂದ ಸುಮಾರು 47 ಇಂಚು ಎತ್ತರದಲ್ಲಿರಬೇಕು. ಲಾರಿ ಅದಕ್ಕಿಂತ ಕೆಳಗಿದ್ದರೆ ಟ್ರೇಲರ್ ಮುಂದಕ್ಕೆ ಬಾಗುತ್ತದೆ. ಅದರ ಹಿಂದಿನ ಆಕ್ಸಲ್‌ಗಳ ಮೇಲೆ ತೂಕ ಸಮನಾಗಿ ಬೀಳುವುದಿಲ್ಲ. ಟೈರು ಟ್ರೇಲರಿನ ತಳಕ್ಕೆ ಉಜ್ಜುವುದೂ ಉಂಟು. 80,000 ಪೌಂಡ್, ಅಂದರೆ ಸುಮಾರು 36 ಟನ್ ಒಟ್ಟು ತೂಕದ ಮಿತಿಯೊಳಗೆ ಒಂದೊಂದು ಆಕ್ಸಲ್ಲಿಗೂ ಬೇರೆ ಲೆಕ್ಕವಿದೆ. ತೂಕದ ಕಾಟಾದಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಎತ್ತರ ಬದಲಾದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಜಾಯಿಂಟ್ ಶಾಫ್ಟಿನ ಓರೆಯೂ ಬದಲಾಗುತ್ತದೆ. ಅದೇ ಓರೆಯಲ್ಲಿ ಓಡಿಸಿದರೆ ಗಾಡಿ ನಡುಗುತ್ತದೆ, ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳು ಬೇಗ ಸವೆಯುತ್ತವೆ. ಗಾಳಿ ಇಳಿದ ಚೀಲದ ಮೇಲೆ ಓಡಿಸಿದರೆ ರಬ್ಬರೇ ಹರಿಯುತ್ತದೆ. ಬ್ರೇಕಿಗೂ ಅದೇ ಗಾಳಿ ಬೇಕಲ್ವಾ? ಅದಕ್ಕೇ ಬ್ರೇಕಿನ ವ್ಯವಸ್ಥೆಯಲ್ಲಿ 55 ಪಿಎಸ್‌ಐ ಒತ್ತಡ ಬರುವ ತನಕ ಸಸ್ಪೆನ್ಷನ್ನಿಗೆ, ಅಂದರೆ ಈ ಚೀಲಗಳಿಗೆ, ಗಾಳಿ ಹೋಗಕೂಡದು ಅನ್ನುತ್ತದೆ ಕೇಂದ್ರ ನಿಯಮ. ಗಾಡಿ ಎಡಕ್ಕೋ ಬಲಕ್ಕೋ ವಾಲಿರಲೂಬಾರದು.

ಆಮೇಲೆ ರೈಲ್ವೆ ಗೇಟು. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 25 ಅಡಿ ಅಂತರವಿರುವ ತಗ್ಗಿನ ಲಾರಿ, ಉಬ್ಬಿದ ಹಳಿಯ ಮೇಲೆ ಹೊಟ್ಟೆ ಊರಿ ನಿಂತರೆ? ತಳದ ಎತ್ತರ ಸಾಲದೆ ಹಳಿ ದಾಟಲಾಗದ ಡ್ರೈವರಿಗೆ ಮೊದಲ ಸಲಕ್ಕೇ ಕನಿಷ್ಠ 60 ದಿನ ವಾಣಿಜ್ಯ ವಾಹನ ಓಡಿಸುವ ಅರ್ಹತೆ ಹೋಗುತ್ತದೆ. ಎರಡು ತಿಂಗಳ ಬಾಡಿಗೆ ಹೋದ ಹಾಗೆ. ಕ್ರೋಮ್ ಬಂಪರಿನ ಖರ್ಚು ಇದರ ಮುಂದೆ ಏನೂ ಅಲ್ಲ.

ಆದ್ದರಿಂದ ದುಡಿಸುವವರು ಓಡುವಾಗ ಎತ್ತರಿಸುತ್ತಾರೆ, ನಿಲ್ಲಿಸಿದಾಗ ಇಳಿಸುತ್ತಾರೆ. ಇದು ನನಗೆ ಸರಿಯಾದ ದಾರಿ ಅನ್ನಿಸುತ್ತದೆ. ಶಾಶ್ವತವಾಗಿ ತಗ್ಗಿಸಿದ ಗಾಡಿ ನುಣುಪು ಹೆದ್ದಾರಿಯಲ್ಲಿ ಗೊತ್ತಿರುವ ಜಾಗಗಳ ನಡುವೆ ನಡೆದೀತು. ಹಿಮ ಬಿದ್ದ ಹೊಲದ ದಾರಿಯಲ್ಲಿ ದನ ತುಂಬಲು ಹೊರಟರೆ ಆಗದ ಮಾತು.

ಅಂದ ಹಾಗೆ, ಯುರೋಪಿನಲ್ಲಿ ತಗ್ಗಿನ ಲಾರಿಯನ್ನು ಕಂಪನಿಗಳೇ ಮಾರುತ್ತವೆ, ಅದೂ ಶೋಕಿಗಲ್ಲ. ಅಲ್ಲಿನ ಬಹುತೇಕ ದೇಶಗಳಲ್ಲಿ ಗಾಡಿಯ ಎತ್ತರ 4 ಮೀಟರ್ ಮೀರಬಾರದು. ಟ್ರೇಲರ್ ಒಳಗೆ 3 ಮೀಟರ್ ಎತ್ತರ ಸಿಗಬೇಕಾದರೆ ಫಿಫ್ತ್ ವೀಲ್ 1 ಮೀಟರಿಗಿಂತ ಕೆಳಗಿರಬೇಕು. ಅದಕ್ಕೆ ಚಾಸಿಯೂ ತಗ್ಗು, ಟೈರೂ ಗಿಡ್ಡ. ಕಾರಿನ ಬಿಡಿಭಾಗಗಳಂತೆ ತೂಕ ಕಡಿಮೆಯಿದ್ದು ಜಾಗ ಜಾಸ್ತಿ ತಿನ್ನುವ ಸರಕಿಗೆ ಇವನ್ನು ಬಳಸುತ್ತಾರೆ. ಮುಖ್ಯವಾದ ವ್ಯತ್ಯಾಸ ಏನೆಂದರೆ, ಅಲ್ಲಿ ಟ್ರೇಲರನ್ನೂ ಅದೇ ತಗ್ಗಿಗೆ ಹೊಂದುವಂತೆ ಕಟ್ಟುತ್ತಾರೆ. ಅಮೆರಿಕದ ಶೋಕಿಲಾಲ ಮಾತ್ರ ಮುಂದಿನ ಲಾರಿಯನ್ನಷ್ಟೇ ಇಳಿಸಿ, ಯಾರದೋ 47 ಇಂಚಿನ ಟ್ರೇಲರಿಗೆ ಹೋಗಿ ಕೊಂಡಿ ಹಾಕಬೇಕು.