ಓದುಗರ ಪ್ರಶ್ನೆ: ‘ಹೋದದ್ದು ಬಂದ ಕೂಡಲೇ ನಿಲ್ಲಿಸೋಣ’ ಅಂದುಕೊಂಡರೂ ಯಾಕೆ ಆಗುವುದಿಲ್ಲ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಆಗಾಗ ಬಾಜಿ ಕಟ್ಟುತ್ತೇನೆ. ಇವತ್ತಿಗೆ ಇಷ್ಟೇ ಹಣ ಎಂದು ಮನಸ್ಸಿನಲ್ಲಿ ಗೆರೆ ಹಾಕಿಕೊಂಡೇ ಶುರು ಮಾಡುತ್ತೇನೆ. ಸೋತಾಗ ಮಾತ್ರ ಆ ಗೆರೆ ಅಳಿಸಿಹೋಗುತ್ತದೆ. ಹೋದದ್ದು ಬಂದ ಕೂಡಲೇ ನಿಲ್ಲಿಸೋಣ ಎಂದು ಮತ್ತೆ ಹಣ ಹಾಕುತ್ತೇನೆ. ನನಗೆ ಮನೋಬಲ ಕಡಿಮೆಯೇ? ಹಿಡಿತದಲ್ಲಿದ್ದುಕೊಂಡು ಆಡುವುದು ಹೇಗೆ?

ಉತ್ತರ: ಮನೋಬಲದ ಮಾತು ಬಿಡಿ. ಗೆರೆ ಎಳೆದವರೂ ನೀವೇ, ಅಳಿಸುವ ರಬ್ಬರು ಇರುವುದೂ ನಿಮ್ಮ ಕೈಯಲ್ಲೇ. ತೊಂದರೆ ಇರುವುದು ಅಲ್ಲಿ. ಆಟಕ್ಕೆ ಮೊದಲು ತಣ್ಣಗೆ ಲೆಕ್ಕ ಹಾಕುವ ಮನಸ್ಸು ಒಂದು, ಸೋತು ಕುದಿಯುತ್ತಿರುವ ಮನಸ್ಸು ಇನ್ನೊಂದು. ಮೊದಲಿನದು ಹಾಕಿದ ಮಿತಿಯನ್ನು ಎರಡನೆಯದು ಮುಟ್ಟಲಾಗದಂತೆ ಬೀಗ ಹಾಕಬೇಕು. ಹೇಗೆಂದು ಹೇಳುತ್ತೇನೆ. ಅದಕ್ಕೂ ಮೊದಲು, ಹೋದದ್ದು ಬರುತ್ತದೆ ಎಂಬ ಆಸೆಯ ಲೆಕ್ಕವನ್ನು ಒಮ್ಮೆ ನೋಡಿಬಿಡೋಣ.

ರೂಲೆಟ್ ಎಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಗೆ ಬೀಳುತ್ತದೆ ಎಂದು ಬಾಜಿ ಕಟ್ಟುವ ಆಟ. ಯುರೋಪಿನ ಮಾದರಿಯ ಚಕ್ರದಲ್ಲಿ 37 ಮನೆಗಳಿವೆ: 1ರಿಂದ 36, ಜೊತೆಗೊಂದು ಸೊನ್ನೆ. ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಕಟ್ಟಿದ್ದರ 35 ಪಟ್ಟು ಲಾಭ ಕೊಡುತ್ತಾರೆ. ಸರಿಸಮನಾದ ಆಟವಾಗಿದ್ದರೆ 36 ಪಟ್ಟು ಕೊಡಬೇಕಿತ್ತು. ಆ ಒಂದರ ವ್ಯತ್ಯಾಸದಿಂದ ಕಟ್ಟಿದ ಹಣದಲ್ಲಿ ಸರಾಸರಿ ಶೇ. 2.7 ಆಡಿಸುವವರ ಪಾಲಾಗುತ್ತದೆ. ಎರಡು ಸೊನ್ನೆಗಳಿರುವ ಅಮೆರಿಕದ ಚಕ್ರದಲ್ಲಿ ಅದು ಶೇ. 5.26. ಕ್ರೀಡೆಯ ಬಾಜಿಯಲ್ಲಿ ‘ನನಗೆ ಆಟ ಗೊತ್ತು’ ಎನ್ನುವವರಿಗೂ ಇದೇ ಕಥೆ. ಇಬ್ಬರೂ ಸರಿಸಮವಾಗಿರುವ ಪಂದ್ಯಕ್ಕೆ 2.00 ದರ (ಗೆದ್ದರೆ ಕಟ್ಟಿದ್ದೂ ಸೇರಿ ಒಂದಕ್ಕೆ ಎರಡು ಕೈಗೆ) ಕೊಡುವ ಬದಲು ಎರಡೂ ಕಡೆ 1.90 ಕೊಟ್ಟರೆ, ಲಾಭ ನಷ್ಟ ಎರಡೂ ಇಲ್ಲದೆ ಉಳಿಯುವುದಕ್ಕೇ ನೂರರಲ್ಲಿ ಸುಮಾರು 53 ಸಲ ನಿಮ್ಮ ಊಹೆ ಸರಿಯಾಗಬೇಕು.

‘ಬರೀ ಎರಡೋ ಮೂರೋ ಪರ್ಸೆಂಟ್ ತಾನೇ’ ಅನ್ನಿಸಬಹುದು. ಬಹಳ ಜನ ಎಡವುವುದು ಇಲ್ಲೇ. ಆ ಪಾಲು ನೀವು ತಂದ ಹಣದ ಮೇಲೆ ಅಲ್ಲ, ಕಟ್ಟಿದ ಹಣದ ಮೇಲೆ. ಖಾತೆಯಲ್ಲಿ 1,000 ಇದೆ, ಸರಾಸರಿ ಶೇ. 96 ವಾಪಸ್ ಕೊಡುವ ಸ್ಲಾಟ್ ಆಟದಲ್ಲಿ (ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ, ಹೊಂದಿಕೆಯಾದರೆ ಹಣ ಬರುವ ಆಟ) ಒಂದು ಸಲಕ್ಕೆ 10ರಂತೆ ಕಟ್ಟುತ್ತೀರಿ ಎನ್ನೋಣ. ಬೆರಳು ಒತ್ತಿದಷ್ಟೂ ತಿರುಗುವ ಆಟ ಅದು, ಗಂಟೆಗೆ 600 ಸಲ ಸುಲಭವಾಗಿ ಆಗುತ್ತದೆ. ಅಂದರೆ ಒಂದೇ ಗಂಟೆಯಲ್ಲಿ ನೀವು 6,000 ಕಟ್ಟಿರುತ್ತೀರಿ. ಅದರ ಶೇ. 4 ಎಂದರೆ 240, ನೀವು ತಂದಿದ್ದರಲ್ಲಿ ಸುಮಾರು ಕಾಲು ಭಾಗ. ಬ್ರಿಟನ್ 2021ರಲ್ಲಿ ಆನ್‌ಲೈನ್ ಸ್ಲಾಟ್‌ಗಳ ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ಹಿಡಿಯಲೇಬೇಕು ಎಂದು ನಿಯಮ ಮಾಡಿದ್ದು ಯಾಕೆಂದು ಈಗ ಅರ್ಥವಾಗುತ್ತದೆ. ವೇಗವೇ ಹಣ ತಿನ್ನುತ್ತದೆ.

ಇನ್ನು ‘ಇಷ್ಟು ಸಲ ಸೋತಿದ್ದೇನೆ, ಈಗ ಬರಲೇಬೇಕು’ ಎಂಬ ಲೆಕ್ಕಾಚಾರ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ, ಕೆಂಪು ಕಪ್ಪು ಮನೆಗಳಿರುವ ರೂಲೆಟ್ ಚಕ್ರದಲ್ಲಿ, ಸತತ 26 ಸಲ ಕಪ್ಪು ಬಿತ್ತು. ಇನ್ನಾದರೂ ಕೆಂಪು ಬೀಳುತ್ತದೆ ಎಂದು ಪಣ ಏರಿಸುತ್ತ ಹೋದವರು ಅಪಾರ ಹಣ ಕಳೆದುಕೊಂಡರು. ಹಿಂದಿನ ಸಲ ತಾನು ಎಲ್ಲಿ ನಿಂತಿದ್ದೆ ಎಂಬುದು ಗೋಲಿಗೆ ಗೊತ್ತಿರುವುದಿಲ್ಲ. ನಿಮ್ಮ ಸಾಲುಸಾಲು ಸೋಲುಗಳೂ ಮುಂದಿನ ಸುತ್ತಿಗೆ ಗೊತ್ತಿರುವುದಿಲ್ಲ.

ಮನೋಬಲದ ಬಗ್ಗೆ ಇನ್ನೊಂದು ಮಾತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಔಷಧಗಳಿಂದ, ಅದುವರೆಗೆ ಜೂಜಿನ ಗೋಜಿಗೇ ಹೋಗದ ಕೆಲವರಲ್ಲೂ ತಡೆಯಲಾಗದ ಜೂಜಿನ ಬಯಕೆ ಹುಟ್ಟುತ್ತದೆ. (ಅಂಥ ಔಷಧ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.) ಮೆದುಳಿನಲ್ಲಿ ಬಯಕೆಯನ್ನು ಕೆರಳಿಸುವ ಡೋಪಮಿನ್ ಎಂಬ ರಾಸಾಯನಿಕದಂತೆಯೇ ಈ ಔಷಧಗಳು ಕೆಲಸ ಮಾಡುತ್ತವೆ. ಡೋಪಮಿನ್ ಇದರಲ್ಲಿ ಎಷ್ಟು ಕೈಯಾಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸ್ವಲ್ಪದರಲ್ಲಿ ತಪ್ಪಿದ ಗೆಲುವನ್ನು ಮತ್ತೆ ಮತ್ತೆ ತೋರಿಸುವುದು, 10 ಕಟ್ಟಿ 4 ವಾಪಸ್ ಬಂದಾಗಲೂ ಗಂಟೆ ಬಾರಿಸಿ ಬೆಳಕು ಮಿನುಗಿಸುವುದು, ಇವೆಲ್ಲ ಆ ಮೆದುಳನ್ನು ನೋಡಿಯೇ ಕಟ್ಟಿದ ಏರ್ಪಾಡುಗಳು. ನಿಮ್ಮನ್ನು ನೀವು ಬೈದುಕೊಳ್ಳುವುದರಿಂದ ಏನೂ ಆಗದು.

ಈಗ ಬೀಗದ ವಿಷಯ. ಒಳ್ಳೆಯ ನಿಯಂತ್ರಣವಿರುವ ತಾಣಗಳಲ್ಲಿ ದಿನಕ್ಕೆ, ವಾರಕ್ಕೆ, ತಿಂಗಳಿಗೆ ಇಷ್ಟೇ ಹಣ ಹಾಕಬಹುದು ಎಂದು ಮಿತಿ ಇಡಬಹುದು. ಇಳಿಸಿದರೆ ತಕ್ಷಣ ಜಾರಿ, ಏರಿಸಬೇಕೆಂದರೆ ಕಾಯಬೇಕು. ಆ ಕಾಯುವ ಸಮಯದಲ್ಲೇ ಕುದಿ ಆರುತ್ತದೆ. ಕಾರ್ಡ್ ವಿವರ ಅಲ್ಲಿ ಉಳಿಸಬೇಡಿ. ಸಾಲದ ಹಣ, ಕ್ರೆಡಿಟ್ ಕಾರ್ಡ್ ಬೇಡವೇ ಬೇಡ. ಗೆದ್ದದ್ದನ್ನು ಅಂದೇ ತೆಗೆದುಬಿಡಿ; ಖಾತೆಯಲ್ಲಿ ಕೂತ ಹಣ ಮತ್ತೆ ಆಟಕ್ಕೇ ಹೋಗುತ್ತದೆ. ಬೋನಸ್ ಸಿಕ್ಕಿತೆಂದು ಹಿಗ್ಗಬೇಡಿ. ಅದರ 30 ಪಟ್ಟು ಬಾಜಿ ಕಟ್ಟಿದ ಮೇಲೇ ತೆಗೆಯಬಹುದು ಎಂಬಂಥ ಷರತ್ತು ಅಡಿಯಲ್ಲಿರುತ್ತದೆ. ಕುಡಿದಾಗ, ಬೇಸರವಾದಾಗ, ನಿದ್ದೆ ಬಾರದ ರಾತ್ರಿಯಲ್ಲಿ ಫೋನು ಇನ್ನೊಂದು ಕೋಣೆಯಲ್ಲಿರಲಿ. ಕಾನೂನು ಇದನ್ನು ನಿಷೇಧಿಸಿರುವ ಕಡೆ ಈ ಮಾತುಗಳು ಅನ್ವಯಿಸುವುದಿಲ್ಲ. ಅಲ್ಲಿ ಮಿತಿಯೂ ಇಲ್ಲ, ಮೋಸವಾದರೆ ದೂರು ಕೇಳುವವರೂ ಇಲ್ಲ, ಆಡದಿರುವುದೊಂದೇ ದಾರಿ.

ಇಷ್ಟು ಹೇಳಿದೆ, ಆದರೆ ನಿಮಗೆ ನನ್ನ ಸಲಹೆ ಬೇರೆಯೇ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೇ ಸೇರಿಸಿತು. ಅದು ಪಟ್ಟಿಮಾಡಿದ ಒಂಬತ್ತು ಲಕ್ಷಣಗಳಲ್ಲಿ ಹನ್ನೆರಡು ತಿಂಗಳೊಳಗೆ ನಾಲ್ಕು ಕಂಡರೆ ಕಾಯಿಲೆ ಎನ್ನುತ್ತಾರೆ. ಸೋತದ್ದನ್ನು ಗಳಿಸಲು ಮತ್ತೆ ಬರುವುದು ಅವುಗಳಲ್ಲೊಂದು. ನಿಲ್ಲಿಸಲು ಯತ್ನಿಸಿ ಸೋಲುವುದು ಇನ್ನೊಂದು. ಎರಡರ ನೆರಳೂ ನಿಮ್ಮ ಪ್ರಶ್ನೆಯಲ್ಲಿದೆ. ಮನೆಯವರಿಗೆ ಸುಳ್ಳು ಹೇಳಿದ್ದೀರಾ, ಪಣದ ಮೊತ್ತ ಏರುತ್ತಿದೆಯಾ, ಕೈ ಖಾಲಿಯಾದಾಗ ಬೇರೆಯವರ ಹಣ ಕೇಳಿದ್ದೀರಾ? ನೀವೇ ನೋಡಿಕೊಳ್ಳಿ.

ಹಾಗಾಗಿ ಮಿತಿ ಇಡುವ ಬದಲು ಆರು ತಿಂಗಳು ಪೂರ್ತಿ ಹೊರಗಿರಿ ಎನ್ನುತ್ತೇನೆ. ತಾಣಗಳಲ್ಲಿ ಸ್ವಯಂ ಬಹಿಷ್ಕಾರದ ವ್ಯವಸ್ಥೆ ಇದ್ದರೆ ಹೆಸರು ಕೊಡಿ, ಅವಧಿ ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲ. ಜೂಜಿನ ಪಾವತಿಯನ್ನೇ ತಡೆಯುವ ಬ್ಯಾಂಕುಗಳಿವೆ, ಜೂಜಿನ ತಾಣಗಳನ್ನು ಮುಚ್ಚುವ ತಂತ್ರಾಂಶಗಳಿವೆ. ಆರು ತಿಂಗಳು ಎಂದಾಗಲೇ ಎದೆ ಧಸಕ್ಕೆಂದರೆ ಮನೋವೈದ್ಯರನ್ನು ಕಾಣಿ. ಮಾತಿನ ಚಿಕಿತ್ಸೆಯಿಂದ ಹಲವರು ಹೊರಬಂದಿದ್ದಾರೆ. ಸಾಲದ ಭಾರದಲ್ಲಿ ಬದುಕು ಸಾಕೆನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ, ಆ ಕ್ಷಣವೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ನಂಬಿಕೆಯ ಒಬ್ಬರಿಗೆ ಇವತ್ತೇ ಎಲ್ಲವನ್ನೂ ಹೇಳಿ. ಮುಚ್ಚಿಡುತ್ತ ಹೋದಷ್ಟೂ ‘ಅವರಿಗೆ ಗೊತ್ತಾಗುವ ಮೊದಲು ಗಳಿಸಿಬಿಡೋಣ’ ಎಂಬ ಆತುರ ಹೆಚ್ಚುತ್ತದೆ. ಅವರು ಸಹಾಯಕ್ಕೆ ಮುಂದಾದರೆ ಹಣವನ್ನು ನಿಮ್ಮ ಕೈಗೆ ಕೊಡದೆ ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಲಿ. ಹಾಗೆ ಮಾಡಿ ಎಂದು ನೀವೇ ಅವರನ್ನು ಕೇಳಿಕೊಳ್ಳಿ.