ಬದಲಾಗದೆ ಉಳಿದ ಜೀಪು: ವಿಲ್ಲಿಸ್‌ನಿಂದ ಥಾರ್‌ವರೆಗೆ

2023ರ ಜನವರಿಯಲ್ಲಿ ಮಹೀಂದ್ರ ಕಂಪನಿ ತನ್ನ ಥಾರ್‌ನ ಹೊಸ ಮಾದರಿಯೊಂದನ್ನು 9.99 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ನೋಡಲು ಮೊದಲಿನ ಥಾರ್‌ನಂತೆಯೇ ಇದ್ದ ಈ ಗಾಡಿಯಲ್ಲಿ ಮುಖ್ಯವಾದ ಅಂಗವೊಂದು ಇರಲಿಲ್ಲ. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತಿತ್ತು. ಮಲೆನಾಡಿನವರ ಮಾತಿನಲ್ಲಿ ಹೇಳುವುದಾದರೆ ಅದು ಫೋರ್‌ವೀಲ್ ಇಲ್ಲದ ಜೀಪು. ಎಂಬತ್ತು ವರ್ಷಗಳ ಹಿಂದೆ ಈ ವಂಶದ ಮೊದಲ ಗಾಡಿ ಹುಟ್ಟಿದ್ದೇ ನಾಲ್ಕೂ ಚಕ್ರ ಎಳೆಯಬೇಕೆಂಬ ಕಾರಣಕ್ಕೆ. ಆ ಕಾರಣವನ್ನೇ ತೆಗೆದುಹಾಕಿದ ಮೇಲೂ ಜನ ಮುಗಿಬಿದ್ದು ಹಣ ಕಟ್ಟಿದರು, ತಿಂಗಳುಗಟ್ಟಲೆ ಕಾದರು. ಹಾಗಾದರೆ ಅವರು ಕೊಂಡದ್ದು ಏನನ್ನು? ಥಾರ್‌ನ ತಾಂತ್ರಿಕ ವಿವರಗಳನ್ನು ಎಷ್ಟು ಓದಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಅದು ಇರುವುದು ಜೀಪು ನಮ್ಮ ದೇಶಕ್ಕೆ ಬಂದ ಬಗೆಯಲ್ಲಿ, ಬಂದ ಮೇಲೆ ದಶಕಗಳ ಕಾಲ ಹೆಚ್ಚು ಕಡಿಮೆ ಹಾಗೆಯೇ ಉಳಿದುಬಿಟ್ಟ ಬಗೆಯಲ್ಲಿ.

1940ರ ಜುಲೈ ವೇಳೆಗೆ ಫ್ರಾನ್ಸ್ ಹಿಟ್ಲರನ ಸೈನ್ಯಕ್ಕೆ ಶರಣಾಗಿತ್ತು. ಯುದ್ಧ ತನ್ನ ಬಾಗಿಲಿಗೂ ಬರಬಹುದೆಂದು ಎಣಿಸಿದ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಗಳಿಗೆ ಬಲ ಹರಿಸಬಲ್ಲ ಹಗುರವಾದ ಗಸ್ತು ವಾಹನವೊಂದರ ಮಾದರಿಯನ್ನು 49 ದಿನಗಳಲ್ಲಿ ಮಾಡಿಕೊಡುವಿರಾ ಎಂದು ಕೇಳಿತು. ಇಷ್ಟು ಕಡಿಮೆ ಅವಧಿಗೆ ಧೈರ್ಯ ಮಾಡಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ಆಗಲೇ ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರ್ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು ಗಾಡಿ ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾ ಶಿಬಿರವನ್ನು ಗಡುವಿನೊಳಗೇ ತಲುಪಿತು. ಗಾಡಿ ಸೈನ್ಯಕ್ಕೆ ಹಿಡಿಸಿತು, ಆದರೆ ಬೇಕಾದಷ್ಟು ಸಂಖ್ಯೆಯಲ್ಲಿ ಮಾಡಿಕೊಡುವ ಶಕ್ತಿ ಬ್ಯಾಂಟಮ್‌ಗೆ ಇದೆಯೆಂಬ ನಂಬಿಕೆ ಬರಲಿಲ್ಲ. ನಕ್ಷೆಗಳು ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳ ಕೈಗೂ ಹೋದವು. ವಿಲ್ಲಿಸ್ ಬಳಿ ಅದರ ಎಂಜಿನಿಯರ್ ಬಾರ್ನಿ ರೂಸ್ ಪಳಗಿಸಿದ 60 ಅಶ್ವಶಕ್ತಿಯ, 2.2 ಲೀಟರಿನ ಗಟ್ಟಿ ಎಂಜಿನ್ ಇತ್ತು. ಇಂದಿಗೂ ಜೀಪಿನ ಗುರುತಾಗಿರುವ ಸೀಳುಗಳ ಚಪ್ಪಟೆ ಮುಖ ಬಂದದ್ದು ಫೋರ್ಡ್‌ನಿಂದ. ಯುದ್ಧ ಮುಗಿಯುವಷ್ಟರಲ್ಲಿ ಈ ಎರಡು ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. ಮೊದಲು ಕಂಡುಹಿಡಿದ ಬ್ಯಾಂಟಮ್‌ನ ಪಾಲು ಮೂರು ಸಾವಿರವನ್ನೂ ಮುಟ್ಟಲಿಲ್ಲ. ಕೊನೆಗೆ ಅದು ಜೀಪುಗಳ ಹಿಂದೆ ಕಟ್ಟುವ ಟ್ರೈಲರ್ ಮಾಡಿಕೊಂಡು ಉಳಿಯಬೇಕಾಯಿತು. ಜೀಪನ್ನು ಸೃಷ್ಟಿಸಿದ್ದು ತಾನೇ ಎಂದು ವಿಲ್ಲಿಸ್ ಜಾಹೀರಾತು ಕೊಟ್ಟದ್ದನ್ನು ಅಮೆರಿಕದ ವ್ಯಾಪಾರ ಆಯೋಗ ಪ್ರಶ್ನಿಸಿ 1948ರಲ್ಲಿ ಆ ಕಂಪನಿಯ ವಿರುದ್ಧ ತೀರ್ಪಿತ್ತಿತು. ಆದರೂ ಎರಡು ವರ್ಷಗಳ ನಂತರ ಜೀಪ್ ಎಂಬ ವ್ಯಾಪಾರಮುದ್ರೆ ನೋಂದಣಿಯಾದದ್ದು ವಿಲ್ಲಿಸ್ ಹೆಸರಿಗೇ.

ಯುದ್ಧದ ನಂತರ ವಿಲ್ಲಿಸ್ ಈ ಗಾಡಿಯನ್ನು ಮಾರಲು ಹೊರಟಿದ್ದು ರೈತರಿಗೆ ಎಂಬುದನ್ನು ಇಲ್ಲಿ ನೆನೆಯಬೇಕು. 1945ರಲ್ಲಿ ಬಂದ ನಾಗರಿಕ ಮಾದರಿ ಸಿಜೆ-2ಎಗೆ ನೇಗಿಲು ಕಟ್ಟಬಹುದಿತ್ತು, ಎಂಜಿನ್ನಿನ ಬಲವನ್ನು ಹೊರಗೆ ತಂದು ಗರಗಸ, ಪಂಪು ಓಡಿಸಬಹುದಿತ್ತು. ಮೋಜಿನ ಸವಾರಿಯ ಮಾತು ಆ ಕಾಲದ ಜಾಹೀರಾತುಗಳ ಮುಖ್ಯ ರಾಗವಾಗಿರಲಿಲ್ಲ. ಮುಂದೆ ಅಮೆರಿಕದಲ್ಲಿ ಜೀಪ್ ಬ್ರ್ಯಾಂಡ್ ಕೈಸರ್, ಎಎಂಸಿ, ಕ್ರೈಸ್ಲರ್ ಎಂದು ಕೈಯಿಂದ ಕೈಗೆ ಹೋಗಿ ಈಗ ಸ್ಟೆಲಾಂಟಿಸ್ ಸಮೂಹದಲ್ಲಿದೆ. ಹೋದಲ್ಲೆಲ್ಲ ರೂಪ ಬದಲಿಸುತ್ತ, ಮೆತ್ತಗಾಗುತ್ತ ಹೋಗಿದೆ. ಭಾರತದ ಕವಲು ಹಿಡಿದ ದಾರಿ ಬೇರೆ.

ಯುದ್ಧಕಾಲದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದವರು ಕೆ.ಸಿ. ಮಹೀಂದ್ರ. ಅವರು ಬಾರ್ನಿ ರೂಸ್‌ರನ್ನು ಅಲ್ಲಿ ಭೇಟಿಯಾದದ್ದೇ ಎಲ್ಲದರ ಮೂಲ ಎಂದು ಕಂಪನಿಯ ಇತಿಹಾಸ ಹೇಳುತ್ತದೆ. ಅಣ್ಣ ಜೆ.ಸಿ. ಮಹೀಂದ್ರ ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಅವರೊಂದಿಗೆ ಸೇರಿ 1945ರಲ್ಲಿ ಕಟ್ಟಿದ ‘ಮಹೀಂದ್ರ ಅಂಡ್ ಮೊಹಮ್ಮದ್’ ಆರಂಭದಲ್ಲಿ ಉಕ್ಕಿನ ವ್ಯಾಪಾರದ ಸಂಸ್ಥೆ. ದೇಶ ಒಡೆದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಆಮೇಲೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದ ಸಂಸ್ಥೆ 1948ರಲ್ಲಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ಮುಂಬಯಿಯ ಮಜಗಾಂವ್‌ನಲ್ಲಿ ಅಮೆರಿಕದಿಂದ ಬಿಡಿಯಾಗಿ ಬಂದ ಜೀಪುಗಳ ಜೋಡಣೆ ಶುರುವಾದದ್ದು ಅದೇ ದಶಕದ ಕೊನೆಯಲ್ಲಿ.

ಹೊಸ ದೇಶಕ್ಕೆ ಆಗ ಜೀಪು ಎಷ್ಟು ತುರ್ತಾಗಿ ಬೇಕಿತ್ತೆಂಬುದಕ್ಕೆ ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೇ ಸಾಕ್ಷಿ. ಕಾಶ್ಮೀರದಲ್ಲಿ ಹೋರಾಡುತ್ತಿದ್ದ ಸೈನ್ಯಕ್ಕಾಗಿ 1948ರಲ್ಲಿ ಲಂಡನ್ನಿನಲ್ಲಿದ್ದ ಭಾರತದ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡು ದುರಸ್ತಿ ಮಾಡಿದ ಹಳೆಯ ಜೀಪುಗಳನ್ನು ತರಿಸಹೊರಟರು. ಬಂದಿಳಿದವು 155, ಅವೂ ಬಳಕೆಗೆ ಬರುವಂತಿರಲಿಲ್ಲ. ಸರ್ಕಾರ 1955ರಲ್ಲಿ ಪ್ರಕರಣವನ್ನು ಮುಚ್ಚಿತು. ಅಷ್ಟರಲ್ಲಿ ಮಹೀಂದ್ರ ಬರೀ ಜೋಡಣೆಯಿಂದ ತಯಾರಿಕೆಯತ್ತ ಹೆಜ್ಜೆ ಇಟ್ಟಿತ್ತು.

ಹಾಗೆ ಇಲ್ಲಿ ನೆಲೆಯೂರಿದ್ದು ವಿಲ್ಲಿಸ್‌ನ ಸಿಜೆ-3ಬಿ. ಹೊಸ ಎಂಜಿನ್ ಎತ್ತರವಾಗಿದ್ದುದರಿಂದ ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದ ಮಾದರಿ ಇದು. ನಮ್ಮ ಜೀಪುಪ್ರಿಯರು ಇಂದಿಗೂ ‘ಲೋ ಬಾನೆಟ್’, ‘ಹೈ ಬಾನೆಟ್’ ಎಂದು ಎರಡು ಪಂಗಡ ಮಾಡಿ ಮಾತಾಡುವುದಕ್ಕೆ ಇದೇ ಹಿನ್ನೆಲೆ. ಅಮೆರಿಕದಲ್ಲಿ ಇದರ ತಯಾರಿಕೆ 1968ರಲ್ಲಿ ನಿಂತಿತು. ಇಲ್ಲಿ ಅದೇ ಚೌಕಟ್ಟು, ಅದೇ ಮುಖ, ಅದೇ ಪಟ್ಟಾ ಸ್ಪ್ರಿಂಗುಗಳು ಬೇರೆ ಬೇರೆ ಹೆಸರಿನಲ್ಲಿ ಮುಂದಿನ ಶತಮಾನದವರೆಗೂ ನಡೆದುಬಂದವು. ಇದನ್ನು ಪರಂಪರೆಯ ಮೇಲಿನ ನಿಷ್ಠೆ ಎಂದು ಈಗಿನ ಜಾಹೀರಾತುಗಳು ಹಾಡುತ್ತವೆ. ನಿಜವಾದ ಕಾರಣ ಅಷ್ಟು ಕಾವ್ಯಮಯವಾಗಿಲ್ಲ. ಲೈಸೆನ್ಸ್-ಪರ್ಮಿಟ್ಟಿನ ಕಾಲದಲ್ಲಿ ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದು ದೆಹಲಿಯ ಅನುಮತಿಗೆ ಕಟ್ಟುಬಿದ್ದಿತ್ತು, ವಿದೇಶಿ ವಿನಿಮಯ ದುರ್ಲಭವಾಗಿತ್ತು, ಪೈಪೋಟಿ ಇರಲಿಲ್ಲ, ಸೈನ್ಯ, ಪೊಲೀಸ್, ಅರಣ್ಯ, ಲೋಕೋಪಯೋಗಿ ಇಲಾಖೆಗಳೇ ದೊಡ್ಡ ಗಿರಾಕಿಗಳಾಗಿದ್ದವು. ಬದಲಿಸುವ ಒತ್ತಡ ಎಲ್ಲಿಂದಲೂ ಬರಲಿಲ್ಲ.

ಬದಲಾದದ್ದು ಒಂದೇ, ಎಂಜಿನ್. 1970ರ ದಶಕದಲ್ಲಿ ತೈಲ ದುಬಾರಿಯಾದಾಗ ಪೆಟ್ರೋಲ್ ಜೀಪನ್ನು ಸಾಕುವುದು ಕಷ್ಟವಾಯಿತು. ಮಹೀಂದ್ರ ತನ್ನದೇ ಟ್ರ್ಯಾಕ್ಟರಿಗಾಗಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ವಿನ್ಯಾಸದಲ್ಲಿ ಮಾಡುತ್ತಿದ್ದ ಡೀಸೆಲ್ ಎಂಜಿನ್ನನ್ನು ಜೀಪಿನೊಳಗೆ ಕೂರಿಸಿತು. ಸದ್ದು ಜಾಸ್ತಿ, ವೇಗ ಕಮ್ಮಿ. ಆದರೆ ಎಂಥ ಏರಿನಲ್ಲೂ ಉಸಿರು ಕಟ್ಟದೆ ಎಳೆಯುವ ಗುಣ ಅದಕ್ಕಿತ್ತು. ಆನಂತರ ಫ್ರಾನ್ಸಿನ ಪೂಜೋ ಕಂಪನಿಯ ಪರವಾನಗಿಯಲ್ಲಿ ಮಾಡಿದ 2.1 ಲೀಟರಿನ ಡೀಸೆಲ್ ಎಂಜಿನ್ ಬಂತು. ಅದನ್ನು ಹೊತ್ತು 1980ರ ದಶಕದ ನಡುವೆ ಬಂದ ಎಂಎಂ 540 ಇಂದು ಹಳೆಯ ಜೀಪು ಹುಡುಕುವವರ ಬಾಯಲ್ಲಿ ಮೊದಲು ಬರುವ ಹೆಸರು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಜೀಪು ಬೇರೂರಿದ್ದು ಈ ಡೀಸೆಲ್ ಕಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದ ಕೆಂಪುಮಣ್ಣಿನ ತೋಟದ ಹಾದಿಯಲ್ಲಿ ಕಾರಿನ ಚಕ್ರ ಸುತ್ತುತ್ತದೆಯೇ ಹೊರತು ಗಾಡಿ ಮುಂದಕ್ಕೆ ಹೋಗುವುದಿಲ್ಲ. ಜೀಪಿನಲ್ಲಿ ಗೇರ್‌ಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರ ಲಿವರ್ ಎಳೆದರೆ ಬಲ ಮುಂದಿನ ಚಕ್ರಗಳಿಗೂ ಹಂಚಿಕೆಯಾಗುತ್ತದೆ; ಇನ್ನೂ ಎಳೆದು ಲೋ ಗೇರಿಗೆ ಹಾಕಿದರೆ ವೇಗ ನಡಿಗೆಯ ಮಟ್ಟಕ್ಕೆ ಇಳಿದು ಎಳೆತ ಇಮ್ಮಡಿಗೂ ಮೀರುತ್ತದೆ. ಏರುವುದಕ್ಕಿಂತ ಇಳಿಯುವಾಗ ಇದರ ಬೆಲೆ ಹೆಚ್ಚು ತಿಳಿಯುತ್ತದೆ, ಏಕೆಂದರೆ ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ, ಲೋ ಗೇರಿನಲ್ಲಾದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಒಣ ಡಾಂಬರಿನ ಮೇಲೆ ಮಾತ್ರ ಫೋರ್‌ವೀಲ್ ಹಾಕಬಾರದು: ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆ ಬೇರೆ, ಆ ವ್ಯತ್ಯಾಸಕ್ಕೆ ಎಡೆ ಸಿಗದೆ ಗೇರುಗಳು ಬಿಗಿದುಕೊಳ್ಳುತ್ತವೆ. ಗೊಬ್ಬರದ ಚೀಲ, ಸ್ಪ್ರೇಯರ್, ಕೆಲಸದಾಳುಗಳು, ಕುಯ್ಲಿನ ಕಾಲದಲ್ಲಿ ಕಾಫಿ ಮೂಟೆಗಳು, ಮದುವೆಯ ದಿಬ್ಬಣ, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲಕ್ಕೂ ಅದೇ ಗಾಡಿ. ಕೆಟ್ಟರೆ ಹತ್ತಿರದ ಪಟ್ಟಣದ ಮೆಕ್ಯಾನಿಕ್ ನಾಲ್ಕು ಸ್ಪ್ಯಾನರಿನಲ್ಲಿ ಬಿಚ್ಚಿ ಕಟ್ಟಬಲ್ಲವನಾಗಿದ್ದ, ಯಾವ ವರ್ಷದ ಗಾಡಿಗೆ ಯಾವ ವರ್ಷದ ಬಿಡಿಭಾಗವಾದರೂ ಬಹುಮಟ್ಟಿಗೆ ಹೊಂದುತ್ತಿತ್ತು. ಮಾರುಕಟ್ಟೆ ನಿಂತ ನೀರಾಗಿದ್ದರ ಲಾಭ ಗಿರಾಕಿಗೆ ಸಿಕ್ಕಿದ್ದು ಇದೊಂದರಲ್ಲಿ, ಮತ್ತು ಅದು ಸಣ್ಣ ಲಾಭವೇನಲ್ಲ. ಕೊಡಚಾದ್ರಿಯ ಸರ್ವಜ್ಞಪೀಠಕ್ಕೆ ಯಾತ್ರಿಕರನ್ನು, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಬಾಡಿಗೆ ಜೀಪುಗಳು ಬದುಕಿರುವುದೂ ಈ ಸುಲಭ ರಿಪೇರಿಯ ಬಲದ ಮೇಲೆ.

ಸೈನ್ಯದ ನಂಟು ಜೀಪಿಗೆ ಇನ್ನೊಂದು ಬಗೆಯ ಮರ್ಯಾದೆ ತಂದುಕೊಟ್ಟಿತು. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದ್ದು ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ತೋಪಿನಿಂದ. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಹಗುರ, ಚುರುಕು. ಸೈನ್ಯಕ್ಕೂ ರ‍್ಯಾಲಿ ಓಡಿಸುವವರಿಗೂ ಅದು ಮೆಚ್ಚುಗೆಯಾಯಿತು. ಪೆಟ್ರೋಲ್ ಕುಡಿಯುವ ಕಾರಣಕ್ಕೆ ತೋಟದ ಕೆಲಸಕ್ಕೆ ಮಾತ್ರ ಅದು ಅಷ್ಟಾಗಿ ಒಗ್ಗಲಿಲ್ಲ.

ಮಾರುಕಟ್ಟೆ ತೆರೆದ ಮೇಲೆ 2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಬಂದು ಮಹೀಂದ್ರಕ್ಕೆ ಬೇರೆಯೇ ಗಿರಾಕಿಗಳನ್ನು ತಂದುಕೊಟ್ಟವು. ತೋಟದ ಹೊರೆ ಕೆಲಸ ಮೆಲ್ಲಗೆ ಪಿಕಪ್‌ಗಳ ಪಾಲಾಯಿತು. ಜೀಪಿನ ಅಗತ್ಯ ಕುಗ್ಗಿದ ಆ ಹೊತ್ತಿನಲ್ಲೇ ಅದರ ಮೇಲಿನ ಆಸೆ ಹಿಗ್ಗತೊಡಗಿತು ಎಂಬುದು ನನ್ನ ಎಣಿಕೆ. 2010ರ ಅಕ್ಟೋಬರ್‌ನಲ್ಲಿ ಬಂದ ಥಾರ್ ಈ ಆಸೆಯನ್ನು ಗುರುತಿಸಿ ಮಾಡಿದ ಗಾಡಿ: ಹಳೆಯ ಜೀಪಿನ ಮುಖ, ಒಳಗೆ 2.5 ಲೀಟರಿನ ಆಧುನಿಕ ಡೀಸೆಲ್ ಎಂಜಿನ್. ಮುಂದಿನ ಪಟ್ಟಾ ಸ್ಪ್ರಿಂಗ್ ತೆಗೆದು ಬೇರೆ ಸಸ್ಪೆನ್ಷನ್ ಕೊಟ್ಟದ್ದಕ್ಕೆ ಹಳಬರು ಗೊಣಗಿದರು, ಕೊಂಡವರು ನಗರದಿಂದ ಘಟ್ಟಕ್ಕೆ ಬರುವಾಗ ಬೆನ್ನು ನೋಯಲಿಲ್ಲವೆಂದು ಸಮಾಧಾನಪಟ್ಟರು.

ಅಮೆರಿಕದ ನಿಜವಾದ ಜೀಪ್ ಬ್ರ್ಯಾಂಡ್ ಭಾರತದ ಮಾರುಕಟ್ಟೆಗೆ ಅಧಿಕೃತವಾಗಿ ಬಂದದ್ದು 2016ರಲ್ಲಿ, ಅಂದರೆ ಇಲ್ಲಿನ ಮೂರು ತಲೆಮಾರು ಮಹೀಂದ್ರದ ಗಾಡಿಯನ್ನೇ ಜೀಪು ಎಂದು ಕರೆದು ಮುಗಿಸಿದ ಮೇಲೆ. ಮಹೀಂದ್ರ 2018ರಲ್ಲಿ ರಾಕ್ಸರ್ ಎಂಬ ಗಾಡಿಯನ್ನು ಅಮೆರಿಕದ ಮಿಷಿಗನ್‌ನಲ್ಲಿ, ಕ್ರೈಸ್ಲರ್‌ನ ಮುಖ್ಯ ಕಚೇರಿ ಇರುವ ಆಬರ್ನ್ ಹಿಲ್ಸ್‌ನಲ್ಲೇ ಜೋಡಿಸಿ ಮಾರತೊಡಗಿದಾಗ, ಅದು ತನ್ನ ಜೀಪಿನ ರೂಪದ ನಕಲು ಎಂದು ಆಗ ಜೀಪ್ ಬ್ರ್ಯಾಂಡಿನ ಒಡೆಯನಾಗಿದ್ದ ಫಿಯಟ್ ಕ್ರೈಸ್ಲರ್ ದೂರಿತು. ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ 2020ರಲ್ಲಿ ಫಿಯಟ್ ಕ್ರೈಸ್ಲರ್ ಪರ ನಿಂತಿತು, ಮಹೀಂದ್ರ ಮುಖವನ್ನು ಬದಲಿಸಿ ಮಾರಾಟಕ್ಕೆ ಮತ್ತೆ ಅನುಮತಿ ಪಡೆಯಿತು. ದಶಕಗಳ ಹಿಂದೆ ಪರವಾನಗಿ ಕೊಟ್ಟು ಕಳಿಸಿದ ರೂಪವೇ ಮರಳಿ ಬಂದಾಗ ತವರುಮನೆಯಲ್ಲಿ ಜಾಗವಿರಲಿಲ್ಲ.

ಅದೇ 2020ರ ಅಕ್ಟೋಬರ್ 2ರಂದು ಎರಡನೆಯ ತಲೆಮಾರಿನ ಥಾರ್ ಬಂತು. ಏರ್‌ಬ್ಯಾಗ್, ಆಟೋಮ್ಯಾಟಿಕ್ ಗೇರ್, ಪೆಟ್ರೋಲ್ ಎಂಜಿನ್, ಟಚ್ ಪರದೆ ಎಲ್ಲವೂ ಇದ್ದ ಈ ಗಾಡಿ ಅಪಘಾತ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದರಲ್ಲಿ 4 ನಕ್ಷತ್ರ ಪಡೆಯಿತು. ಹಳೆಯ ಜೀಪಿನ ಅಪಾಯಗಳನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಬಾಗಿಲಿಲ್ಲದ, ಬೆಲ್ಟಿಲ್ಲದ ಗಾಡಿಗಳು ಮಗುಚಿ ಸತ್ತವರ ನೆನಪು ಮಲೆನಾಡಿನ ಊರೂರಲ್ಲೂ ಇದೆ. ನೆಲದಿಂದ 226 ಮಿಲಿಮೀಟರ್ ಎತ್ತರ, 650 ಮಿಲಿಮೀಟರ್ ನೀರಿನಲ್ಲಿ ಹಾಯುವ ಶಕ್ತಿ, ಒಂದು ಚಕ್ರ ಗಾಳಿಯಲ್ಲಿ ಸುತ್ತಿದರೆ ಇನ್ನೊಂದಕ್ಕೆ ಬಲ ತಿರುಗಿಸುವ ಲಾಕ್, ಇವೆಲ್ಲ ಅದರ ನಿಜವಾದ ಯೋಗ್ಯತೆಗಳು. ಆದರೆ ಕೊಂಡವರಲ್ಲಿ ಬಹುಮಂದಿ ಇವನ್ನು ಬಳಸುವುದು ಅಪರೂಪವೆಂದು ಕಂಪನಿಗೂ ಗೊತ್ತಿತ್ತು, ಇಲ್ಲವಾದರೆ ಹಿಂಚಕ್ರದ ಥಾರ್ ಬರುತ್ತಿರಲಿಲ್ಲ. 2024ರ ಆಗಸ್ಟ್ 15ರಂದು ಬಂದ ಐದು ಬಾಗಿಲಿನ ಥಾರ್ ರಾಕ್ಸ್ ಅಂತೂ ಮನೆಮಂದಿಯ ಗಾಡಿಯೇ. ಎತ್ತರದಲ್ಲಿ ಕೂತು ದಾರಿ ನೋಡುವ ಸುಖ, ಬೇಕೆಂದರೆ ಡಾಂಬರು ಬಿಟ್ಟು ಇಳಿಯಬಲ್ಲೆನೆಂಬ ಭರವಸೆ, ಎದುರಿನವನು ದಾರಿ ಬಿಟ್ಟಾನೆಂಬ ಠೀವಿ ಇವು ಇಂದಿನ ಆಕರ್ಷಣೆ. ಕೊನೆಯದರಿಂದ ಥಾರ್ ಓಡಿಸುವವರಿಗೆ ಕೆಟ್ಟ ಹೆಸರೂ ಬಂದಿದೆ, ಅದು ಪೂರ್ತಿ ಅನ್ಯಾಯವೆಂದು ಹೇಳಲಾರೆ. ವಾರಾಂತ್ಯದ ಸಾಹಸಕ್ಕೆಂದು ಹುಲ್ಲುಗುಡ್ಡ, ಹಳ್ಳಗಳಿಗೆ ಚಕ್ರ ಇಳಿಸುವ ಚಟವೂ ಅಷ್ಟೇ. ಚಕ್ರ ಕೊರೆದ ಗಾಡಿಜಾಡು ಮುಂದಿನ ಮಳೆಯಲ್ಲಿ ಕಾಲುವೆಯಾಗುತ್ತದೆ, ಹಾಗೆ ಕೊಚ್ಚಿಹೋದ ಮಣ್ಣು ಮರಳುವುದಿಲ್ಲ.

ಹೊಸದನ್ನು ಒಲ್ಲದವರು ಹಳೆಯದನ್ನು ಹುಡುಕುತ್ತಾರೆ. ಸೈನ್ಯ ಹರಾಜು ಹಾಕಿದ ಜೀಪುಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವ ಕಸುಬಿಗೆ ಹರಿಯಾಣದ ಮಂಡಿ ಡಬ್ವಾಲಿ ಹೆಸರಾಗಿದೆ; ಅಲ್ಲಿ ಎಂಎಂ 540ನ ಚೌಕಟ್ಟಿನ ಮೇಲೆ ವಿಲ್ಲಿಸ್‌ನ ಲೋ ಬಾನೆಟ್ ಕೂರಿಸುವುದು ದಿನನಿತ್ಯದ ಕೆಲಸ. ಕೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಆರ್‌ಸಿ ಪುಸ್ತಕವನ್ನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಎತ್ತಿಹಿಡಿದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿದೆ. 15 ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ದಾಖಲೆಗೆ ತಾಳೆಯಾಗುವ, ಯಾರೂ ಕೈಯಾಡಿಸದ ಎಂಎಂ 540 ಸಿಕ್ಕರೆ ಅದನ್ನು ಬಲ್ಲವರು ಚೌಕಾಸಿ ಮಾಡದೆ ಕೊಳ್ಳುವುದು ಇದರಿಂದಲೇ.